ಕೆನ್ನೆ ಕೆಂಪು, ಬೆರಳು ಬಿಗಿತ, ಸುಸ್ತು: ಬೆಂಗಳೂರಿನಲ್ಲಿ ಯಾವ ಡಾಕ್ಟರ ಹತ್ತಿರ ಹೋಗಲಿ?

ಸುಮಾ_ವಿಜಯನಗರ

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಮನೆ ವಿಜಯನಗರ, ಕೆಲಸ ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್‌ನಲ್ಲಿ. ಈ ಬೇಸಿಗೆಯಿಂದ ಎರಡೂ ಕೆನ್ನೆ ಕೆಂಪಾಗುತ್ತಿವೆ, ಮೂಗಿನ ಮೇಲೂ ಇದೆ. ಬಸ್ಸಿನಲ್ಲಿ ಬಿಸಿಲು ಬೀಳುವ ಕಡೆ ಕೂತು ಬಂದ ದಿನ ಜಾಸ್ತಿ. ತುರಿಕೆ ಅಷ್ಟಿಲ್ಲ, ಉರಿ ಇದೆ. ಬೆಳಿಗ್ಗೆ ಎದ್ದರೆ ಬೆರಳುಗಳು ಬಿಗಿದುಕೊಂಡಿರುತ್ತವೆ. ಕುಕ್ಕರ್ ಮುಚ್ಚಳ ಹಾಕುವುದಕ್ಕೂ ಮಗಳನ್ನು ಕರೆಯಬೇಕು. ಆಫೀಸ್ ತಲುಪುವ ಹೊತ್ತಿಗೆ ಸಡಿಲ ಆಗುತ್ತವೆ. ಕೂದಲು ಬಾಚಣಿಗೆ ತುಂಬ ಬರುತ್ತಿದೆ. ಸಂಜೆ ಆದರೆ ಮೈ ಬೆಚ್ಚಗಾಗುತ್ತದೆ, ಸುಸ್ತು.

ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ಕ್ರೀಮ್ ಕೊಟ್ಟರು, ಜೊತೆಗೆ ಮುಖಕ್ಕೆ ಟ್ರೀಟ್‌ಮೆಂಟ್ ಪ್ಯಾಕೇಜ್ ತಗೊಳ್ಳಿ ಅಂದರು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲ ಎಂದು ಕ್ಯಾಲ್ಸಿಯಂ, ನೋವಿನ ಮಾತ್ರೆ ಬರೆದರು. ಆಮೇಲೆ ಒಂದು ಲ್ಯಾಬ್‌ನ ಅಲರ್ಜಿ ಪ್ಯಾಕೇಜ್ ಮಾಡಿಸಿದೆ. ಗೋಧಿ, ಹಾಲು, ಬದನೆಕಾಯಿ, ಕಡಲೆಕಾಯಿ, ಎಲ್ಲದರ ಮುಂದೆಯೂ ಕೆಂಪು ಗುರುತು. ಎಲ್ಲ ಬಿಟ್ಟೆ. ತೂಕ ಇಳಿಯಿತು, ಕೆನ್ನೆಯ ಕೆಂಪು ಇಳಿಯಲಿಲ್ಲ.

ಒಬ್ಬರು ಮುಖ ನೋಡಿದರು, ಇನ್ನೊಬ್ಬರು ಬೆರಳು ನೋಡಿದರು. ಎರಡನ್ನೂ ಒಟ್ಟಿಗೆ ನೋಡುವವರು ಯಾರು? ಸ್ಕಿನ್ ಡಾಕ್ಟರಾ, ಅಲರ್ಜಿಯವರಾ, ಥೈರಾಯ್ಡ್‌ನವರಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಗಿರಿನಗರ_ರಾಜಿ

ನಮ್ಮ ಅತ್ತೆಗೂ ಹೀಗೇ ಮೈಯೆಲ್ಲ ಕೆಂಪಗೆ ಏಳುತ್ತಿತ್ತು ಸುಮಾ. ಪಿತ್ತದ ಗಂಧೆ ಅಂದರು. ಸಿಟ್ರಿಜಿನ್ ತಗೊಂಡ ಮೇಲೆ ಕಡಿಮೆ ಆಯ್ತು. ನಿಮಗೂ ಅದೇ ಇರಬಹುದು, ಅಷ್ಟು ಹೆದರಬೇಡಿ.

ಲತಾ_ಹನುಮಂತನಗರ

ರಾಜಿ ಅಕ್ಕ, ಪಿತ್ತದ ಗಂಧೆ ಬೇರೆ ಥರ ಇರುತ್ತದೆ. ಅದು ಊದಿಕೊಂಡು ಏಳುತ್ತದೆ, ವಿಪರೀತ ತುರಿಕೆ. ಒಂದು ಕಡೆ ಎದ್ದಿದ್ದು ಒಂದು ದಿನದೊಳಗೆ ಗುರುತೇ ಇಲ್ಲದೆ ಮಾಯವಾಗಿ ಇನ್ನೊಂದು ಕಡೆ ಏಳುತ್ತದೆ. ಸುಮಾ ಹೇಳುವುದು ಅಲ್ಲೇ ಕೂತಿರುವ ಕೆಂಪು. ಅದರ ಜೊತೆ ಬೆರಳು ಬಿಗಿತ ಬೇರೆ ಇದೆ.

ಸುಮಾ, ನನಗೆ ಲೂಪಸ್ ಇದೆ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆ ನಮ್ಮ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ. ನಿಮಗೂ ಅದೇ ಅಂತ ಖಂಡಿತ ಹೇಳುತ್ತಿಲ್ಲ. ಆದರೆ ಎರಡು ಪ್ರಶ್ನೆ ಕೇಳುತ್ತೇನೆ. ಬಾಯಲ್ಲಿ, ಅಂಗುಳಿನಲ್ಲಿ ಹುಣ್ಣು ಆಗಿದೆಯಾ? ನೋವೇ ಇಲ್ಲದಿದ್ದರೂ ಕನ್ನಡಿ ಹಿಡಿದು ನೋಡಿಕೊಳ್ಳಿ. ಮೂತ್ರದಲ್ಲಿ ನೊರೆ ಜಾಸ್ತಿ ಇದೆಯಾ? ಬೇರೆ ಯಾವ ಟೆಸ್ಟ್ ಬಿಟ್ಟರೂ ಮೂತ್ರ ಪರೀಕ್ಷೆ ಮಾತ್ರ ಬಿಡಬೇಡಿ. ಅದು ತೀರಾ ಅಗ್ಗದ್ದು, ಯಾವ ಲ್ಯಾಬ್‌ನಲ್ಲೂ ಆಗುತ್ತದೆ. ಕಿಡ್ನಿಗೆ ಪೆಟ್ಟು ಬಿದ್ದರೆ ಶುರುವಿನಲ್ಲಿ ನೋವೂ ಇರಲ್ಲ, ಏನೂ ಗೊತ್ತಾಗಲ್ಲ.

ಸುಮಾ_ವಿಜಯನಗರ

ಈಗಲೇ ಟಾರ್ಚ್ ಹಾಕಿಕೊಂಡು ನೋಡಿದೆ ಲತಾ ಅವರೇ. ಅಂಗುಳಿನಲ್ಲಿ ಎರಡು ಇವೆ. ನೋವಿಲ್ಲ, ಅದಕ್ಕೇ ಗೊತ್ತಾಗಿರಲಿಲ್ಲ. ಮೂತ್ರ ಪರೀಕ್ಷೆಯನ್ನು ಇದುವರೆಗೆ ಯಾರೂ ಬರೆದಿಲ್ಲ.

ಫಿಜಿಷಿಯನ್_ರಾಜಾಜಿನಗರ

ನಾನು ಎಂ.ಡಿ. ಮೆಡಿಸಿನ್ ಮಾಡಿದ ಜನರಲ್ ಫಿಜಿಷಿಯನ್. ಇಲ್ಲಿ ಬರೆದಿದ್ದನ್ನು ಓದಿ ಕಾಯಿಲೆಯ ಹೆಸರು ಹೇಳಲು ಆಗುವುದಿಲ್ಲ, ಹೇಳಲೂ ಬಾರದು. ಯಾರ ಹತ್ತಿರ ಹೋಗಬೇಕು ಎಂಬುದನ್ನು ಮಾತ್ರ ಹೇಳಬಹುದು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ಇದೇ ಪ್ರಶ್ನೆ ಹೊತ್ತುಕೊಂಡು ದಿನಾ ಜನ ಬರುತ್ತಾರೆ.

ಚರ್ಮದ ತೊಂದರೆ ಬಂದಾಗ ಎಲ್ಲರೂ ದದ್ದನ್ನೇ ನೋಡುತ್ತಾರೆ. ದದ್ದಿನ ಜೊತೆ ಇನ್ನೇನು ಬಂದಿದೆ ನೋಡಿ. ಯಾವ ಡಾಕ್ಟರು ಎಂಬುದನ್ನು ಸಾಮಾನ್ಯವಾಗಿ ಅದೇ ಹೇಳುತ್ತದೆ.

ಬಿಸಿಲಿಗೆ ಕೆಂಪಾಗುವ ಮುಖ, ಬೆಳಿಗ್ಗೆ ಅರ್ಧ ಗಂಟೆಗಿಂತ ಜಾಸ್ತಿ ಬೆರಳು ಬಿಗಿತ, ಬಾಯಿ ಹುಣ್ಣು, ಕೂದಲು ಉದುರುವುದು, ಸಣ್ಣ ಜ್ವರ. ಇವು ಒಟ್ಟಿಗೆ ಬಂದರೆ ಮೂಳೆ ಡಾಕ್ಟರ ಕೆಲಸ ಅಲ್ಲ, ರುಮಟಾಲಜಿಸ್ಟ್ ಕೆಲಸ. ಕೀಲು ಮತ್ತು ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳನ್ನು ನೋಡುವವರು ಅವರು. ಎಂ.ಡಿ. ಆದ ಮೇಲೆ ಮೂರು ವರ್ಷ ಅದನ್ನೇ ಡಿ.ಎಂ. ಎಂಬ ಮೇಲಿನ ಪದವಿಗೆ ಓದಿರುತ್ತಾರೆ. ಮೂಳೆ ಡಾಕ್ಟರು ಮುಖ್ಯವಾಗಿ ಶಸ್ತ್ರಚಿಕಿತ್ಸಕರು. ಈ ಥರದ ಬಿಗಿತ ಶುರುವಿನಲ್ಲಿ ಎಕ್ಸ್‌ರೇನಲ್ಲಿ ಕಾಣಿಸುವುದೂ ಇಲ್ಲ. ಆದ್ದರಿಂದ ‘ಎಕ್ಸ್‌ರೇ ನಾರ್ಮಲ್’ ಎಂಬ ಮಾತಿಗೆ ಇಲ್ಲಿ ಅಷ್ಟು ಬೆಲೆ ಇಲ್ಲ.

ಕಣ್ಣಿನ ರೆಪ್ಪೆ ನೇರಳೆ ಬಣ್ಣಕ್ಕೆ ತಿರುಗಿ, ಬೆರಳಿನ ಗೆಣ್ಣುಗಳ ಮೇಲೆ ಕೆಂಪು ಗುಳ್ಳೆಯಾಗಿ, ನೆಲದಿಂದ ಏಳಲು ಅಥವಾ ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿಯೇ ಇಲ್ಲ ಎನಿಸಿದರೆ ಅಲ್ಲಿಗೂ ರುಮಟಾಲಜಿಸ್ಟೇ ಬೇಕು, ಅದೂ ಬೇಗ. ತಣ್ಣೀರಿಗೆ ಕೈ ಹಾಕಿದಾಗ ಬೆರಳು ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಜೊತೆಗೆ ಕೈ ಚರ್ಮ ಬಿಗಿಯಾಗುತ್ತಿದ್ದರೆ ಅವರೇ. ತಲೆಯಲ್ಲಿ ಹೊಟ್ಟಿನಂತೆ ಉದುರುವ ಕಲೆ, ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿ, ಹಿಮ್ಮಡಿ ನೋವು ಸೇರಿದರೆ ಸೋರಿಯಾಸಿಸ್ ಕೀಲಿಗೆ ಇಳಿದಿರಬಹುದು. ಅಲ್ಲಿ ಸ್ಕಿನ್ ಡಾಕ್ಟರು, ರುಮಟಾಲಜಿಸ್ಟ್ ಇಬ್ಬರೂ ಬೇಕು.

ಕೈಕಾಲು ಜೋಮು, ಗೆಣ್ಣುಗಳು ಕಪ್ಪಗಾಗಿವೆ, ನಾಲಿಗೆ ಉರಿ, ಮನೆಯಲ್ಲಿ ಪೂರ್ತಿ ಸಸ್ಯಾಹಾರ. ಇಂಥವರು ನೇರ ನರ ಡಾಕ್ಟರ ಹತ್ತಿರ ಓಡುತ್ತಾರೆ. ಮೊದಲು ಫಿಜಿಷಿಯನ್ ಹತ್ತಿರ ವಿಟಮಿನ್ ಬಿ12 ನೋಡಿಸಿ. ಕುತ್ತಿಗೆ, ಕಂಕುಳು ಕಪ್ಪಗೆ ದಪ್ಪಗಾಗಿದ್ದರೆ ಸೋಪಿನಿಂದ ತಿಕ್ಕಬೇಡಿ, ಸಕ್ಕರೆ ಪರೀಕ್ಷೆ ಮಾಡಿಸಿ. ಚರ್ಮ ಒಣಗಿ, ಚಳಿ ತಡೆಯಲಾಗದೆ, ತೂಕ ಏರಿದರೆ ಥೈರಾಯ್ಡ್. ಇದಕ್ಕೂ ಮೊದಲ ಹಂತದಲ್ಲಿ ಫಿಜಿಷಿಯನ್ ಸಾಕು.

ಸುಮಾ ಅವರೇ, ನೀವು ಈ ವಾರವೇ ಒಬ್ಬ ಫಿಜಿಷಿಯನ್ ನೋಡಿ. ಬಿ.ಪಿ., ಮೂತ್ರ, ರಕ್ತದ ಪೂರ್ತಿ ಎಣಿಕೆ, ಇ.ಎಸ್.ಆರ್. (ಉರಿಯೂತ ತೋರಿಸುವ ರಕ್ತ ಪರೀಕ್ಷೆ), ಕ್ರಿಯಾಟಿನಿನ್ (ಕಿಡ್ನಿಯದು), ಎ.ಎನ್.ಎ. (ನಮ್ಮ ದೇಹದ ವಿರುದ್ಧವೇ ತಿರುಗಿದ ಪ್ರತಿಕಾಯಗಳನ್ನು ನೋಡುವ ಪರೀಕ್ಷೆ) ಇವಿಷ್ಟು ಮಾಡಿಸಿ ಫೈಲ್ ಹಿಡಿದು ರುಮಟಾಲಜಿಗೆ ಹೋದರೆ ನಿಮ್ಮ ಸಮಯ ಉಳಿಯುತ್ತದೆ. ಎ.ಎನ್.ಎ. ಬಗ್ಗೆ ಒಂದು ಮಾತು. ಪಾಸಿಟಿವ್ ಬಂದ ಕೂಡಲೇ ಲೂಪಸ್ ಅಂದುಕೊಳ್ಳಬೇಡಿ. 1:160 ಮಟ್ಟದಲ್ಲಿಯೂ, ಅಂದರೆ ರಕ್ತದ ಸ್ಯಾಂಪಲ್ 160 ಪಟ್ಟು ತೆಳುವಾಗಿಸಿದ ಮೇಲೂ, ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು ಐದು ಜನರಿಗೆ ಪಾಸಿಟಿವ್ ಬರುತ್ತದೆ. ಅದಕ್ಕೇ ಲಕ್ಷಣ ಏನೂ ಇಲ್ಲದವರು ಪ್ಯಾಕೇಜ್ ಆಸೆಗೆ ಈ ಟೆಸ್ಟ್ ಮಾಡಿಸಿ ನಿದ್ದೆ ಕೆಡಿಸಿಕೊಳ್ಳಬಾರದು.

ಆ ಅಲರ್ಜಿ ಪಟ್ಟಿ ಪಕ್ಕಕ್ಕಿಡಿ. ಆಹಾರಕ್ಕೆ ಐ.ಜಿ.ಜಿ. ಎಂಬ ಪ್ರತಿಕಾಯ ನೋಡುವ ಪ್ಯಾನೆಲ್‌ಗಳು ನೀವು ಆ ಪದಾರ್ಥ ತಿಂದಿದ್ದೀರಿ ಎನ್ನುವುದನ್ನು ತೋರಿಸುತ್ತವೆ ಅಷ್ಟೇ. ಅಲರ್ಜಿ ತಜ್ಞರ ಸಂಘಗಳೇ ಅವನ್ನು ಮಾಡಿಸಬೇಡಿ ಎನ್ನುತ್ತವೆ. ಊಟ ಸರಿಯಾಗಿ ಮಾಡಿ.

ಚರ್ಮವೈದ್ಯೆ

ಫಿಜಿಷಿಯನ್ ಸರ್ ಬರೆದಿದ್ದು ಬಹುಪಾಲು ಒಪ್ಪುತ್ತೇನೆ. ಒಂದು ವಿಷಯದಲ್ಲಿ ಮಾತ್ರ ನನ್ನ ತಕರಾರಿದೆ. ಸ್ಕಿನ್ ಡಾಕ್ಟರು ಅಂದರೆ ಕ್ರೀಮ್ ಕೊಡುವವರು ಎಂದು ಜನ ತಿಳಿದುಕೊಂಡಿದ್ದಾರೆ. ಮುಖಕ್ಕೆ ಲೇಸರ್ ಹೊಡೆಯುವ ಅಂಗಡಿಗಳು ಬೀದಿಗೊಂದು ಆದ ಮೇಲಂತೂ ಈ ತಪ್ಪು ತಿಳಿವಳಿಕೆ ಬೆಳೆದಿದೆ. ಎಂ.ಡಿ. ಡಿ.ವಿ.ಎಲ್. ಓದಿದವರು ಮೂರು ವರ್ಷ ಚರ್ಮ, ಲೈಂಗಿಕ ರೋಗ, ಕುಷ್ಠ ಮೂರನ್ನೂ ಓದಿರುತ್ತಾರೆ. ಲೂಪಸ್, ರಕ್ತನಾಳದ ಉರಿಯೂತ, ಔಷಧಿಯ ಅಡ್ಡಪರಿಣಾಮ ಇವನ್ನೆಲ್ಲ ಮೊದಲು ಹಿಡಿಯುವವರು ಎಷ್ಟೋ ಸಲ ನಾವೇ.

ಬೋರ್ಡಿನಲ್ಲಿ ಏನು ಬರೆದಿದೆ ನೋಡಿ. ‘ಕಾಸ್ಮೆಟಾಲಜಿಸ್ಟ್’, ‘ಎಸ್ಥೆಟಿಕ್ ಕನ್ಸಲ್ಟೆಂಟ್’ ಎಂದು ಮಾತ್ರ ಇದ್ದು ಕೆಳಗೆ ಡಿಗ್ರಿ ಇಲ್ಲದಿದ್ದರೆ ಸುಮ್ನೆ ಹೊರಗೆ ಬನ್ನಿ. ಚರ್ಮಕ್ಕೆ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇರಬೇಕು. ಚೀಟಿಯ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕ್ಲಿನಿಕ್‌ನಲ್ಲಿ ಕೆ.ಪಿ.ಎಂ.ಇ. (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಕಣ್ಣಿಗೆ ಕಾಣುವಂತೆ ಹಾಕಿರಬೇಕು. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಸುಮಾ ಅವರೇ, ಕೆನ್ನೆ ಕೆಂಪು ಅಂದರೆ ಲೂಪಸ್ಸೇ ಆಗಬೇಕಿಲ್ಲ. ಮೂಗಿನ ಪಕ್ಕದಿಂದ ತುಟಿಯ ಕಡೆ ಇಳಿಯುವ ಗೆರೆ ಇದೆಯಲ್ಲ, ಲೂಪಸ್‌ನ ಕೆಂಪು ಸಾಮಾನ್ಯವಾಗಿ ಆ ಮಡಿಕೆಯನ್ನು ಬಿಟ್ಟು ಕೂರುತ್ತದೆ. ಆ ಮಡಿಕೆಯಲ್ಲೇ ಹೊಟ್ಟು ಹೊಟ್ಟಾಗಿ ಕೂತಿದ್ದರೆ ಸೆಬೊರಿಕ್ ಡರ್ಮಟೈಟಿಸ್ ಇರಬಹುದು, ತಲೆಹೊಟ್ಟಿನ ಜಾತಿಯದು. ಕೀವಿನ ಸಣ್ಣ ಗುಳ್ಳೆ ಇದ್ದರೆ ರೊಸೇಶಿಯಾ ಎಂಬ ಮುಖ ಕೆಂಪಾಗುವ ಚರ್ಮದ ತೊಂದರೆ ಇರಬಹುದು. ಕಂದು ಬಣ್ಣವಾದರೆ ಬಂಗು. ಇನ್ನು ಮೆಡಿಕಲ್ ಶಾಪಿನ ‘ಬೆಳ್ಳಗಾಗುವ’ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿದ್ದರೆ ಅದರೊಳಗಿನ ಸ್ಟೆರಾಯ್ಡ್‌ನಿಂದಲೇ ಮುಖ ಉರಿದು ಕೆಂಪಾಗುತ್ತದೆ. ಬೆರಳು ಬಿಗಿತ, ಹುಣ್ಣು ನಿಮಗೆ ಇರುವುದರಿಂದ ಸರ್ ಹೇಳಿದ ದಾರಿಯಲ್ಲೇ ಹೋಗಿ. ಆದರೆ ಎ.ಎನ್.ಎ. ಅನುಮಾನಕ್ಕೆ ಎಡೆ ಕೊಟ್ಟರೆ ನಮ್ಮ ಹತ್ತಿರ ಬಯಾಪ್ಸಿ ಮಾಡಿಸಿ.

ಬಯಾಪ್ಸಿ ಎಂದರೆ ಹೆದರುವವರಿಗೆ ಹೇಳುತ್ತೇನೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮೂರು, ನಾಲ್ಕು ಮಿಲಿಮೀಟರ್ ಅಗಲದ ಚರ್ಮ ತೆಗೆಯುತ್ತೇವೆ. ಒಂದೋ ಎರಡೋ ಹೊಲಿಗೆ. ಅರ್ಧ ಗಂಟೆಯಲ್ಲಿ ಎದ್ದು ಹೋಗಬಹುದು. ಇಂಥ ಕಾಯಿಲೆಯ ಅನುಮಾನ ಇದ್ದಾಗ ಎರಡು ಬಾಟಲಿ ಬೇಕು. ಒಂದರಲ್ಲಿ ತುಂಡು ಕೆಡದಂತೆ ಇಡುವ ಫಾರ್ಮಲಿನ್ ಇರುತ್ತದೆ. ಇನ್ನೊಂದು ಚರ್ಮದಲ್ಲಿ ಪ್ರತಿಕಾಯ ಕೂತಿದೆಯಾ ಎಂದು ನೋಡುವ ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೆ, ಅದಕ್ಕೆ ಬೇರೆಯೇ ದ್ರಾವಣ. ಎರಡೂ ತುಂಡನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಆ ಎರಡನೇ ಪರೀಕ್ಷೆ ಆಗುವುದಿಲ್ಲ, ಮತ್ತೆ ತೆಗೆಯಬೇಕು. ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಆ ಜಾಗಕ್ಕೆ ಏನೇನು ಹಚ್ಚುತ್ತಿದ್ದೀರಿ ಎನ್ನುವುದನ್ನೂ ಮುಂಚೆಯೇ ತಿಳಿಸಿ.

ಮಂಜು_ದಾಸರಹಳ್ಳಿ

ಮೇಡಂ, ಕ್ರೀಮ್ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ತೊಡೆ ಸಂದಿಯಲ್ಲಿ ಹುಳುಕಡ್ಡಿ. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟರು. ಹಚ್ಚಿದಾಗ ತುರಿಕೆ ನಿಲ್ಲುತ್ತದೆ, ಬಿಟ್ಟರೆ ಎರಡರಷ್ಟಾಗಿ ಹರಡುತ್ತದೆ. ಈಗ ಹೊಟ್ಟೆವರೆಗೂ ಬಂದಿದೆ. ನಾನು ಲೂಪಸ್‌ನವರನ್ನು ನೋಡಬೇಕಾ?

ಚರ್ಮವೈದ್ಯೆ

ಬೇಡ ಮಂಜು ಅವರೇ, ನೀವು ನೋಡಬೇಕಾಗಿದ್ದು ನಮ್ಮನ್ನೇ. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ. ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಫಂಗಸ್ ಔಷಧಿಯ ಜೊತೆ ಅದನ್ನು ಬೆರೆಸಿ ಮಾರುತ್ತಾರೆ. ತುರಿಕೆ ಅಡಗುತ್ತದೆ, ಫಂಗಸ್ ಮಾತ್ರ ಹಾಯಾಗಿ ಬೆಳೆಯುತ್ತದೆ, ಅದರ ರೂಪವೂ ಬದಲಾಗಿ ಗುರುತು ಹಿಡಿಯುವುದೇ ಕಷ್ಟವಾಗುತ್ತದೆ. ಚರ್ಮ ತೆಳುವಾಗಿ ಬಿಳಿ ಗೆರೆ ಬೀಳುತ್ತವೆ, ಅವು ಹೋಗುವುದಿಲ್ಲ. ಇಂದು ರಾತ್ರಿಯಿಂದಲೇ ಹಚ್ಚುವುದು ನಿಲ್ಲಿಸಿ. ಟ್ಯೂಬ್ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಬೇರೆ ಯಾರಿಗಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಟವೆಲ್ ಹಂಚಿಕೊಳ್ಳಬೇಡಿ. ಚಿಕಿತ್ಸೆ ವಾರಗಟ್ಟಲೆ ಬೇಕಾಗುತ್ತದೆ, ನಡುವೆ ಬಿಡಬೇಡಿ.

ಅಶ್ವತ್ಥ್_ಕೆಂಗೇರಿ

ನಮ್ಮ ತಂದೆಗೆ ಬೇರೆ ಥರ. ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ಎಲ್ಲ ದಪ್ಪಗಾಗಿ ತುರಿಕೆ. ಮಳೆ ಬಿದ್ದ ಮೇಲೆ ಜಾಸ್ತಿ. ಮನೆ ಅಕ್ಕಪಕ್ಕ ಖಾಲಿ ಸೈಟು, ತುಂಬಾ ಕಾಂಗ್ರೆಸ್ ಗಿಡ. ಬೆಳಿಗ್ಗೆ ವಾಕಿಂಗ್ ಅಲ್ಲೇ ಹೋಗುತ್ತಾರೆ. ಫಿಜಿಷಿಯನ್ ಅಲರ್ಜಿ ಎಂದರು. ಅಲರ್ಜಿ ಡಾಕ್ಟರ ಹತ್ತಿರ ಹೋಗಬೇಕಾ?

ಚರ್ಮವೈದ್ಯೆ

ಬೆಂಗಳೂರಿನ ಹೊರವಲಯದಲ್ಲಿ ಇದು ನಮಗೆ ಚೆನ್ನಾಗಿ ಪರಿಚಯವಿರುವ ತೊಂದರೆ. ಪಾರ್ಥೇನಿಯಂ, ಅಂದರೆ ನೀವು ಹೇಳಿದ ಕಾಂಗ್ರೆಸ್ ಗಿಡದ ಪುಡಿ ಗಾಳಿಯಲ್ಲಿ ಬಂದು ಬಟ್ಟೆ ಮುಚ್ಚದ ಕಡೆ, ಮಡಿಕೆಗಳಲ್ಲಿ ಕೂರುತ್ತದೆ. ಇದಕ್ಕೆ ಬೇಕಾಗಿರುವುದು ಪ್ಯಾಚ್ ಟೆಸ್ಟ್, ಅದು ಸ್ಕಿನ್ ವಿಭಾಗದಲ್ಲಿ ಆಗುತ್ತದೆ. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸುತ್ತಾರೆ. ಎರಡು ದಿನ ಬೆನ್ನಿಗೆ ನೀರು ತಾಗಿಸಬಾರದು. 48 ಗಂಟೆಗೆ ಒಮ್ಮೆ, ಆಮೇಲೆ 72 ಅಥವಾ 96 ಗಂಟೆಗೆ ಇನ್ನೊಮ್ಮೆ ನೋಡುತ್ತಾರೆ. ಸೀನು, ಉಬ್ಬಸಕ್ಕೆ ಮಾಡುವ ಚುಚ್ಚುವ ಟೆಸ್ಟ್ ಬೇರೆ. ತಲೆಗೂದಲ ಡೈ, ಕುಂಕುಮ, ಸ್ಟಿಕ್ಕರ್ ಬಿಂದಿ, ಚಪ್ಪಲಿಯ ರಬ್ಬರ್ ಇವುಗಳಿಂದ ಆಗುವ ಅಲರ್ಜಿಗೂ ಪ್ಯಾಚ್ ಟೆಸ್ಟೇ. ತಂದೆಯವರಿಗೆ ಸದ್ಯಕ್ಕೆ ವಾಕಿಂಗ್ ದಾರಿ ಬದಲಿಸಿ, ತುಂಬು ತೋಳಿನ ಅಂಗಿ ಹಾಕಿಸಿ. ಆ ಗಿಡವನ್ನು ಅವರ ಕೈಯಲ್ಲಿ ಕೀಳಿಸಲೇಬೇಡಿ.

ನಾಗರತ್ನ_ಬನಶಂಕರಿ

ದದ್ದೇ ಇಲ್ಲದೆ ಬರೀ ತುರಿಕೆ ಇದ್ದರೆ? ನಮ್ಮ ಯಜಮಾನರಿಗೆ 61. ರಾತ್ರಿಯೆಲ್ಲ ಕೆರೆದುಕೊಳ್ಳುತ್ತಾರೆ. ಚರ್ಮದ ಮೇಲೆ ಕೆರೆದ ಗೀರು ಬಿಟ್ಟರೆ ಏನೂ ಇಲ್ಲ. ವಯಸ್ಸಾಯ್ತು, ಚರ್ಮ ಒಣಗಿದೆ, ಕೊಬ್ಬರಿ ಎಣ್ಣೆ ಹಚ್ಚಿ ಎಂದರು. ಹಚ್ಚುತ್ತಿದ್ದೇವೆ.

ಫಿಜಿಷಿಯನ್_ರಾಜಾಜಿನಗರ

ಅಮ್ಮಾ, ಎಣ್ಣೆ ಹಚ್ಚುತ್ತಲೇ ಇರಿ, ಆದರೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ದದ್ದಿಲ್ಲದ ತುರಿಕೆಯ ಹಿಂದೆ ಕಿಡ್ನಿ, ಲಿವರ್, ಥೈರಾಯ್ಡ್, ಕಬ್ಬಿಣಾಂಶದ ಕೊರತೆ, ಕೆಲವೊಮ್ಮೆ ರಕ್ತದ ಕಾಯಿಲೆ ಇರುತ್ತದೆ. ಅಂಗೈ, ಅಂಗಾಲು ಜಾಸ್ತಿ ತುರಿಸಿದರೆ, ಮೂತ್ರ ಗಾಢ ಹಳದಿಯಾದರೆ ಲಿವರ್ ಕಡೆ ನೋಡುತ್ತೇವೆ. ಬಿಸಿನೀರು ಸ್ನಾನ ಆದ ಕೂಡಲೇ ಜಾಸ್ತಿಯಾದರೆ ರಕ್ತದ ಎಣಿಕೆ ನೋಡುತ್ತೇವೆ. ತೂಕ ಇಳಿದು, ರಾತ್ರಿ ಬೆವರಿ ಬಟ್ಟೆ ಒದ್ದೆಯಾಗಿ, ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟು ಇದ್ದರೆ ತಡ ಮಾಡಲೇಬಾರದು. ಮನೆಯಲ್ಲಿ ನಿಮಗೂ ಮಕ್ಕಳಿಗೂ ರಾತ್ರಿ ತುರಿಕೆ ಇದೆಯಾ, ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ ಇದೆಯಾ ಅದನ್ನೂ ನೋಡಿ. ಇದ್ದರೆ ಅದು ಕಜ್ಜಿ. ಒಬ್ಬರಿಗೇ ಮದ್ದು ಹಚ್ಚಿದರೆ ಹೋಗುವುದಿಲ್ಲ, ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು, ಒಂದು ವಾರ ಬಿಟ್ಟು ಮತ್ತೊಮ್ಮೆ.

ಇದನ್ನು ಓದುತ್ತಿರುವ ಬಸುರಿಯರಿಗೆ ಒಂದು ಮಾತು. ಕೊನೆಯ ತಿಂಗಳುಗಳಲ್ಲಿ ಅಂಗೈ, ಅಂಗಾಲು ವಿಪರೀತ ತುರಿಸಿದರೆ ಸ್ಕಿನ್ ಡಾಕ್ಟರನ್ನು ಹುಡುಕುತ್ತಾ ಕೂರಬೇಡಿ. ಅದೇ ದಿನ ನಿಮ್ಮ ಹೆರಿಗೆ ಡಾಕ್ಟರಿಗೆ ಹೇಳಿ. ಪಿತ್ತರಸ ನಿಂತು ಮಗುವಿಗೆ ಅಪಾಯ ಆಗುವ ಸ್ಥಿತಿ ಇರಬಹುದು.

ಯಲಹಂಕ_ಓದುಗ

ಹೆಸರು ಹಾಕಲು ಇಷ್ಟವಿಲ್ಲ. ಮೊಣಕೈ ಹತ್ತಿರ ಒಂದು ಮಚ್ಚೆ. ಬಣ್ಣ ಸ್ವಲ್ಪ ತಿಳಿ. ತುರಿಕೆ ಇಲ್ಲ. ಅಡುಗೆಮನೆಯಲ್ಲಿ ಬಿಸಿ ಪಾತ್ರೆ ತಾಗಿ ಬೊಬ್ಬೆ ಬಂದ ಮೇಲೆಯೇ ಗೊತ್ತಾಗಿದ್ದು, ಅಲ್ಲಿ ನನಗೆ ಬಿಸಿ ಗೊತ್ತಾಗುವುದಿಲ್ಲ ಅಂತ. ಕಿರುಬೆರಳು ಜೋಮು ಹಿಡಿದಂತಿದೆ. ತೊನ್ನು ಇರಬಹುದು ಎಂದು ಮನೆಯಲ್ಲಿ ಹೇಳುತ್ತಾರೆ. ಯಾರನ್ನು ಕೇಳಬೇಕೋ ತಿಳಿಯುತ್ತಿಲ್ಲ.

ಚರ್ಮವೈದ್ಯೆ

ನೀವು ಬರೆದಿದ್ದು ತುಂಬಾ ಒಳ್ಳೆಯದಾಯಿತು. ತೊನ್ನಿನಲ್ಲಿ ಸ್ಪರ್ಶ ಹೋಗುವುದಿಲ್ಲ. ಬಣ್ಣ ತಿಳಿಯಾದ ಮಚ್ಚೆಯಲ್ಲಿ ಬಿಸಿ, ತಣ್ಣಗೆ ಗೊತ್ತಾಗದಿದ್ದರೆ ಕುಷ್ಠರೋಗವನ್ನು ಮೊದಲು ನೋಡಲೇಬೇಕು. ಈ ಹೆಸರು ಕೇಳಿ ಕುಗ್ಗಬೇಡಿ. ಪೂರ್ತಿ ವಾಸಿಯಾಗುತ್ತದೆ. ಮಾತ್ರೆ ಸರ್ಕಾರದಿಂದ ಉಚಿತ. ಮಚ್ಚೆ ಎಷ್ಟಿವೆ ಎನ್ನುವುದರ ಮೇಲೆ 6 ತಿಂಗಳು ಅಥವಾ 12 ತಿಂಗಳು. ಮಾತ್ರೆ ಶುರುವಾದ ಮೇಲೆ ಬೇಗನೇ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಮನೆಯವರ ಜೊತೆಯೇ ಇರಬಹುದು, ಕೆಲಸಕ್ಕೂ ಹೋಗಬಹುದು. 2005ರಲ್ಲಿ ದೇಶದ ಮಟ್ಟದಲ್ಲಿ ನಿರ್ಮೂಲನೆಯ ಗುರಿ ಮುಟ್ಟಿದ್ದೇವೆ ಎಂದು ಘೋಷಣೆಯಾಯಿತು. ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆ ಎಂಬುದಷ್ಟೇ ಅದರ ಅರ್ಥ. ಕಾಯಿಲೆ ಈಗಲೂ ಇದೆ. ಇಲ್ಲವೇ ಇಲ್ಲ ಎಂದುಕೊಂಡು ಕೂತವರ ಬೆರಳುಗಳೇ ಕೊನೆಗೆ ಮಡಚಿಕೊಳ್ಳುವುದು.

ಕಿರುಬೆರಳು ಜೋಮು ಎನ್ನುತ್ತಿದ್ದೀರಿ, ಮೊಣಕೈ ಹಿಂದಿನ ನರ ಊದಿರಬಹುದು. ಅದಕ್ಕೇ ಬೇಗ ಎಂದಿದ್ದು. ಸರ್ಕಾರಿ ಆಸ್ಪತ್ರೆಯ ಸ್ಕಿನ್ ವಿಭಾಗಕ್ಕೆ ನೇರ ಹೋಗಿ. ವಿಕ್ಟೋರಿಯಾದಲ್ಲೂ ಇದೆ, ಶಿವಾಜಿನಗರದ ಬೌರಿಂಗ್‌ನಲ್ಲೂ ಇದೆ. ಅಲ್ಲಿಯ ಡಾಕ್ಟರುಗಳು ಈ ಕಾಯಿಲೆಯನ್ನು ಬರಿಗೈಯಲ್ಲೇ ನರ ಮುಟ್ಟಿ ಹಿಡಿಯುತ್ತಾರೆ. ದೊಡ್ಡ ಸ್ಕ್ಯಾನ್ ಏನೂ ಮೊದಲಿಗೆ ಬೇಕಿಲ್ಲ.

ಸಿಸ್ಟರ್_ಕೆಆರ್‌ಮಾರ್ಕೆಟ್

ನಾನು ಸರ್ಕಾರಿ ಆಸ್ಪತ್ರೆಯೊಂದರ ಒಪಿಡಿಯಲ್ಲಿ ನರ್ಸ್. ದೊಡ್ಡ ಆಸ್ಪತ್ರೆಗೆ ಬರುವವರಿಗೆ ನಾಲ್ಕು ಮಾತು ಹೇಳಬೇಕು.

ಬೇಗ ಬನ್ನಿ, ಚೀಟಿ ಕೌಂಟರ್ ತೆರೆಯುವ ಹೊತ್ತಿಗೇ ಇದ್ದರೆ ಮಧ್ಯಾಹ್ನದೊಳಗೆ ರಕ್ತ ಕೊಟ್ಟು ಹೋಗಬಹುದು. ಮುಖಕ್ಕೆ ಪೌಡರ್, ಕೈಗೆ ಮೆಹೆಂದಿ, ಉಗುರಿಗೆ ಬಣ್ಣ ಬೇಡ. ಉಗುರು ನೋಡಿಯೇ ಡಾಕ್ಟರು ಎಷ್ಟೋ ತಿಳಿದುಕೊಳ್ಳುತ್ತಾರೆ. ದದ್ದು ಆಸ್ಪತ್ರೆಗೆ ಬಂದ ದಿನವೇ ಮಾಯವಾಗಿರುತ್ತದೆ, ಎಲ್ಲರೂ ಅದೇ ಹೇಳುತ್ತಾರೆ. ಎದ್ದ ಕೂಡಲೇ ಕಿಟಕಿ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಒಂದು ಹತ್ತಿರದಿಂದ, ಒಂದು ದೂರದಿಂದ. ದದ್ದಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯಿರಿ. ಮರುದಿನ ಅದೇ ಹೊತ್ತಿಗೆ ಗೆರೆಯೊಳಗೆ ಇನ್ನೂ ಇದೆಯಾ, ನೋವಿದೆಯಾ, ಕಂದಿದ ಗುರುತಿದೆಯಾ ನೋಡಿ. ಲತಾ ಅವರು ಹೇಳಿದ ಪಿತ್ತದ ಗಂಧೆಗೂ ರಕ್ತನಾಳದ ತೊಂದರೆಗೂ ಇರುವ ವ್ಯತ್ಯಾಸ ಈ ಒಂದು ಗೆರೆಯಲ್ಲಿ ತಿಳಿಯುತ್ತದೆ.

ತಿನ್ನುವ ಎಲ್ಲಾ ಔಷಧಿ ಕವರಿನಲ್ಲಿ ಹಾಕಿಕೊಂಡು ಬನ್ನಿ. ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟಿದ್ದು, ಜಿಮ್‌ನ ಪುಡಿ ಎಲ್ಲವೂ. ‘ಬಿಳಿ ಮಾತ್ರೆ’ ಎಂದರೆ ನಮಗೆ ಏನೂ ಗೊತ್ತಾಗುವುದಿಲ್ಲ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮೇಲೆ ಒಂದು ಹಾಳೆಯಲ್ಲಿ ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂದು ಬರೆಯಿರಿ. ಡಾಕ್ಟರಿಗೆ ನಿಮಗಾಗಿ ಸಿಗುವ ಹೊತ್ತು ಕಡಿಮೆ. ಆ ಹಾಳೆ ಇದ್ದರೆ ಅಷ್ಟು ಹೊತ್ತೂ ನಿಮ್ಮನ್ನು ಪರೀಕ್ಷೆ ಮಾಡುವುದಕ್ಕೇ ಸಿಗುತ್ತದೆ.

ಪ್ರವೀಣ್_ಹೆಬ್ಬಾಳ

ತುರ್ತಾಗಿ ಕೇಳುತ್ತಿದ್ದೇನೆ. ಅಮ್ಮನಿಗೆ ಫಿಟ್ಸ್‌ಗೆ ಹೊಸ ಮಾತ್ರೆ ಶುರು ಮಾಡಿ ಎರಡು ವಾರ ಆಗಿದೆ. ನಿನ್ನೆಯಿಂದ ಜ್ವರ. ಇವತ್ತು ಬಾಯಿ, ತುಟಿ ಹುಣ್ಣಾಗಿ ಕಣ್ಣು ಕೆಂಪಗಾಗಿದೆ. ಎದೆ ಮೇಲೆ ಕಪ್ಪು ಕೆಂಪು ಚುಕ್ಕೆ, ಮುಟ್ಟಿದರೆ ನೋವು. ನಾಳೆ ಸ್ಕಿನ್ ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ. ಅಲ್ಲಿವರೆಗೆ ಏನು ಹಚ್ಚಬಹುದು?

ಫಿಜಿಷಿಯನ್_ರಾಜಾಜಿನಗರ

ಪ್ರವೀಣ್, ನಾಳೆವರೆಗೆ ಕಾಯಬೇಡಿ. ಈಗಲೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಇದು ಮಾತ್ರೆಯಿಂದ ಆಗುವ ಗಂಭೀರ ತೊಂದರೆ ಇರಬಹುದು, ಚರ್ಮ ಸುಲಿದು ಹೋಗುವ ಮಟ್ಟಕ್ಕೆ ಹೋಗುತ್ತದೆ. ಮಾತ್ರೆ ಬರೆದ ಡಾಕ್ಟರಿಗೆ ದಾರಿಯಲ್ಲೇ ಫೋನ್ ಮಾಡಿ. ಮುಂದಿನ ಡೋಸ್ ಕೊಡುವ ಮುನ್ನ ಅವರನ್ನು ಅಥವಾ ಎಮರ್ಜೆನ್ಸಿ ಡಾಕ್ಟರನ್ನು ಕೇಳಲೇಬೇಕು. ಫಿಟ್ಸ್‌ಗೆ ಬದಲಿ ಮಾತ್ರೆ ಅವರೇ ಕೊಡುತ್ತಾರೆ. ಗಾಡಿ ಇಲ್ಲದಿದ್ದರೆ 108. ಐ.ಸಿ.ಯು., ಸ್ಕಿನ್ ವಿಭಾಗ, ಕಣ್ಣಿನ ಡಾಕ್ಟರು ಮೂರೂ ಒಂದೇ ಕಡೆ ಇರುವ ಮೆಡಿಕಲ್ ಕಾಲೇಜು ಆಸ್ಪತ್ರೆ ಆದರೆ ಒಳ್ಳೆಯದು.

ಸಿಸ್ಟರ್_ಕೆಆರ್‌ಮಾರ್ಕೆಟ್

ಮಾತ್ರೆಯ ಸ್ಟ್ರಿಪ್ ತಗೊಂಡು ಹೋಗಿ ಪ್ರವೀಣ್. ಹೋದ ಕೂಡಲೇ ಮೊದಲ ಮಾತಿನಲ್ಲೇ ‘ಹೊಸ ಮಾತ್ರೆ ಎರಡು ವಾರದಿಂದ, ಬಾಯಿ ಕಣ್ಣು ಹುಣ್ಣು, ಜ್ವರ’ ಎಂದು ಹೇಳಿ. ಮೈಗೆ ಏನೂ ಹಚ್ಚಬೇಡಿ, ಹಳೆಯ ಮೆತ್ತಗಿನ ಹತ್ತಿ ಬಟ್ಟೆ ಹೊದಿಸಿ.

ಪ್ರವೀಣ್_ಹೆಬ್ಬಾಳ

ಹೊರಟೆವು. ತುಂಬಾ ಥ್ಯಾಂಕ್ಸ್.

ಫಿಜಿಷಿಯನ್_ರಾಜಾಜಿನಗರ

ಉಳಿದವರಿಗೂ ಹೇಳಿಬಿಡುತ್ತೇನೆ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ, ಜ್ವರದ ಜೊತೆ ನೇರಳೆ ಚುಕ್ಕೆ ಬಂದು ಗಾಜಿನ ಲೋಟ ಒತ್ತಿ ನೋಡಿದರೂ ಆ ಬಣ್ಣ ಮಾಯವಾಗದಿದ್ದರೆ ತಜ್ಞರನ್ನು ಆರಿಸುತ್ತಾ ಕೂರಬಾರದು. ಎಮರ್ಜೆನ್ಸಿಗೆ ಹೋಗಬೇಕು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗಲೂ ಅಂಥ ಚುಕ್ಕೆ ಬರುತ್ತವೆ.

ಸುಮಾ_ವಿಜಯನಗರ

ಎಲ್ಲರಿಗೂ ಒಂದು ಸುದ್ದಿ. ಮನೆ ಹತ್ತಿರದ ಫಿಜಿಷಿಯನ್ ಒಬ್ಬರು ಸರ್ ಹೇಳಿದ ಟೆಸ್ಟುಗಳನ್ನೇ ಬರೆದರು. ಬೆರಳ ಗೆಣ್ಣು ಒಂದೊಂದಾಗಿ ಒತ್ತಿ ನೋಡಿದರು, ಬಾಯಿಗೆ ಟಾರ್ಚ್ ಹಾಕಿದರು. ಇಷ್ಟು ದಿನದಲ್ಲಿ ಯಾರಾದರೂ ಕೈ ಮುಟ್ಟಿ ನೋಡಿದ್ದು ಇದೇ ಮೊದಲು. ಎ.ಎನ್.ಎ. 1:640. ಮೂತ್ರದಲ್ಲಿ ಪ್ರೋಟೀನ್ 2+ ಇದೆಯಂತೆ. ಬಿಳಿ ರಕ್ತಕಣ ಕಡಿಮೆ. ನೋವಿನ ಮಾತ್ರೆ ಕಿಡ್ನಿಗೆ ಒಳ್ಳೆಯದಲ್ಲ ಎಂದು ಅವತ್ತೇ ನಿಲ್ಲಿಸಿದರು. ರುಮಟಾಲಜಿಗೆ ಪತ್ರ ಕೊಟ್ಟಿದ್ದಾರೆ. ಸೇಂಟ್ ಜಾನ್ಸ್‌ನಲ್ಲಿ ಪ್ರತ್ಯೇಕ ವಿಭಾಗ ಇದೆ, ಅಲ್ಲಿ ಹೋಗಿ ಎಂದರು. ರಾಮಯ್ಯದಲ್ಲೂ ಇದೆಯಂತೆ, ಅದು ನನಗೆ ಸ್ವಲ್ಪ ಹತ್ತಿರ.

ಭಯ ಇದೆ. ಆದರೆ ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಈಗ ಗೊತ್ತಿದೆ. ಅಲ್ಲಿ ಏನು ಕೇಳಬೇಕು? ಲೂಪಸ್‌ಗೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊಟ್ಟರೆ ಕಣ್ಣು ಹೋಗುತ್ತದೆ ಎಂದು ಆಫೀಸಿನಲ್ಲಿ ಒಬ್ಬರು ಹೆದರಿಸಿದರು.

ಲತಾ_ಹನುಮಂತನಗರ

ಆ ಮಾತ್ರೆಯನ್ನು ನಾನು ವರ್ಷಗಳಿಂದ ತಗೊಳ್ಳುತ್ತಿದ್ದೇನೆ ಸುಮಾ. ಕಣ್ಣು ಚೆನ್ನಾಗಿದೆ. ಡೋಸ್ ತೂಕದ ಮೇಲೆ ಲೆಕ್ಕ ಹಾಕುತ್ತಾರೆ, ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರಿಸುವುದಿಲ್ಲ. ಶುರುವಿನಲ್ಲಿ ಒಮ್ಮೆ ರೆಟಿನಾ ಪರೀಕ್ಷೆ ಮಾಡಿಸಿ ಇಟ್ಟುಕೊಳ್ಳಿ. ಐದು ವರ್ಷ ಆದ ಮೇಲೆ ಪ್ರತಿ ವರ್ಷ. ಕಿಡ್ನಿ ತೊಂದರೆ ಇದ್ದವರಿಗೆ ಇನ್ನೂ ಬೇಗ ಶುರು ಮಾಡುತ್ತಾರೆ, ಅದನ್ನು ಕೇಳಿ. ಯಾರೋ ಹೇಳಿದರು ಎಂದು ಆ ಮಾತ್ರೆ ಮಾತ್ರ ಬಿಡಬೇಡಿ. ಬಿಸಿಲಿಗೆ ಕೊಡೆ, ತುಂಬು ತೋಳು, ಸನ್‌ಸ್ಕ್ರೀನ್ ಇವತ್ತಿನಿಂದಲೇ.

ಫಿಜಿಷಿಯನ್_ರಾಜಾಜಿನಗರ

ಮೂರು ಪ್ರಶ್ನೆ ಬರೆದುಕೊಂಡು ಹೋಗಿ ಸುಮಾ ಅವರೇ. ಮೂತ್ರದ ಪ್ರೋಟೀನ್ ಒಟ್ಟು ಎಷ್ಟು, ಕಿಡ್ನಿ ಬಯಾಪ್ಸಿ ಬೇಕಾ? ಕಿಡ್ನಿ ಡಾಕ್ಟರೂ ಜೊತೆಗೆ ನೋಡುತ್ತಾರಾ? ಮುಂದೆ ಇನ್ನೊಂದು ಮಗು ಬೇಕೆಂಬ ಯೋಚನೆ ಇದ್ದರೆ ಈಗಲೇ ಹೇಳಿ, ಔಷಧಿಯ ಆಯ್ಕೆ ಅದರ ಮೇಲೆ ಬದಲಾಗುತ್ತದೆ. ಅಪಾಯಿಂಟ್‌ಮೆಂಟ್ ತಿಂಗಳ ಆಚೆ ಸಿಕ್ಕರೆ ಒಪ್ಪಿಕೊಳ್ಳಬೇಡಿ. ಪತ್ರ ಕೊಟ್ಟ ಡಾಕ್ಟರಿಗೇ ಫೋನ್ ಮಾಡಿಸಿ, ಮೂತ್ರದಲ್ಲಿ ಪ್ರೋಟೀನ್ ಇದೆ ಎಂದರೆ ಬೇಗ ನೋಡುತ್ತಾರೆ. ಅಷ್ಟರಲ್ಲಿ ಕಾಲು ಊದಿದರೆ, ಮೂತ್ರ ಕಡಿಮೆಯಾದರೆ, ಬಿ.ಪಿ. ಏರಿದರೆ, ಉಸಿರಾಡುವಾಗ ಎದೆ ಚುಚ್ಚಿದರೆ ಒಪಿಡಿ ದಿನಕ್ಕೆ ಕಾಯದೆ ಎಮರ್ಜೆನ್ಸಿಗೆ ಹೋಗಿ, ಫೈಲ್ ಸಮೇತ.